ಕುಂದೇಟಿ ಕೊಮ್ಮು: ನೆಡುವ ಮುನ್ನ ತಿಳಿಯಬೇಕಾದ ಸಂಗತಿಗಳು



ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ನೀವು ಎಷ್ಟೋ ಸಾರಿ ಕೂತಿರಬಹುದು. ಊರಿಗಾಂ ಸಮೀಪಿಸಿದ ಹಾಗೆ ಕಣ್ಣಿಗೆ ಎರಡು ಬಗೆಯ ದಿಬ್ಬಗಳು ಬೀಳುತ್ತವೆ. ಒಂದು, ದೇವರು ಇಟ್ಟ ಬಂಡೆಗುಡ್ಡ. ಸುತ್ತ ತಂಗಡಿ, ಬಂದರಿಕೆ, ಮುಳ್ಳುಪೊದೆ. ಇನ್ನೊಂದು, ಮನುಷ್ಯ ಮಾಡಿದ ದಿಬ್ಬ. ಚಿನ್ನದ ಗಣಿಯವರು ಕಲ್ಲನ್ನು ಅರೆದು, ಚಿನ್ನ ತೆಗೆದುಕೊಂಡು, ಉಳಿದ ಪುಡಿಯನ್ನು ಸುರಿದದ್ದು. ಅದನ್ನು ನಮ್ಮ ಜನ ಸೈನೈಡ್ ದಿಬ್ಬ ಅಂತಾರೆ. ಈ ಹೊತ್ತು ನಾವು ಹೇಳಹೊರಟಿರುವ ಗಿಡ ಮೊದಲನೆಯ ದಿಬ್ಬಕ್ಕೆ ಸೇರಿದ್ದು. ಎರಡನೆಯ ದಿಬ್ಬದ ಮಾತೂ ಮುಂದೆ ಬರುತ್ತದೆ. ಅದು ಬಹಳ ಮುಖ್ಯವಾದ ಮಾತು, ಆದ್ದರಿಂದ ಕೊನೆಯವರೆಗೆ ಓದಿ.

ಗಿಡದ ಹೆಸರು ತೆಲುಗು ಆಡುವವರಲ್ಲಿ ಕುಂದೇಟಿ ಕೊಮ್ಮು, ಎಂದರೆ ಮೊಲದ ಕೊಂಬು. ತಮಿಳರು ಕಳ್ಳಿಮುಳೆಯಾನ್ ಅಂತಾರೆ. ಸಸ್ಯಶಾಸ್ತ್ರದವರು ಕರಲ್ಲುಮ ಎನ್ನುತ್ತಾರೆ. ಈ ಹೆಸರು ಕೂಡ ಕೋರಮಂಡಲ ತೀರದ ತೆಲುಗರ ಬಾಯಿಂದಲೇ ಶಾಸ್ತ್ರಕ್ಕೆ ಹೋದದ್ದು. ಮೂರು ಭಾಷೆ ಕಲೆತು ಬಾಳುವ ನಮ್ಮ ಕೋಲಾರದ ಸೀಮೆಯಲ್ಲಿ ಯಾವ ಹೆಸರಿನಿಂದ ಕರೆದರೂ ಸರಿಯೇ. ನಾವು ಇಲ್ಲಿ ಕುಂದೇಟಿ ಕೊಮ್ಮು ಎಂದೇ ಇಟ್ಟುಕೊಳ್ಳೋಣ.

ಮೊಲಕ್ಕೆ ಕೊಂಬು ಎಲ್ಲಿಂದ ಬಂತು ಎಂದು ನೀವು ನಗಬಹುದು. ಇಲ್ಲದ ವಸ್ತುವಿಗೆ ಮೊಲದ ಕೊಂಬು ಎಂದು ಹೇಳುವುದು ವಾಡಿಕೆ. ಎಚ್ಚರ ತಪ್ಪಿದರೆ ಈ ಗಿಡವೂ ಆ ಮಾತಿಗೆ ಉದಾಹರಣೆಯಾಗಿ ಹೋದೀತು. ಬೆಟ್ಟದಲ್ಲಿ ಕಡಮೆಯಾಗುತ್ತಿದೆ, ಪೇಟೆಯಲ್ಲಿ ಹೆಸರು ಮಾಡಿದೆ. ಹಾಗಾದರೆ ಹೊಲದಲ್ಲಿ ಬೆಳೆಯೋಣ ಎಂಬ ಯೋಚನೆ ಸಹಜವಾಗಿ ಬರುತ್ತದೆ. ಯೋಚನೆ ಒಳ್ಳೆಯದೇ. ಆದರೆ ಯಾರೂ ನೋಡಿಕೊಳ್ಳದೆ ಬಂಡೆಯ ಸಂದಿನಲ್ಲಿ ಬದುಕುವ ಈ ಗಿಡ, ನಾವು ಮುತುವರ್ಜಿಯಿಂದ ನೀರು ಗೊಬ್ಬರ ಕೊಟ್ಟು ಸಾಕಿದರೆ ಸತ್ತುಹೋಗುತ್ತದೆ. ಇದರ ಬೇಸಾಯದ ತೊಡಕೆಲ್ಲ ಇಷ್ಟರಲ್ಲೇ ಅಡಗಿದೆ.

ಗಿಡದ ಗುರುತು

ಮೊದಲು ಗುರುತು ಗಟ್ಟಿಯಾಗಬೇಕು. ಕುಂದೇಟಿ ಕೊಮ್ಮು ಒಂದೂವರೆ ಎರಡು ಅಡಿಗಿಂತ ಎತ್ತರ ಬೆಳೆಯುವುದು ಅಪರೂಪ. ಕಾಂಡ ಬೆರಳು ಗಾತ್ರ, ಬೂದು ಮಿಶ್ರಿತ ಹಸಿರು, ನಾಲ್ಕು ಮೂಲೆ. ತುದಿಗೆ ಹೋದ ಹಾಗೆ ಸಣ್ಣದಾಗುತ್ತದೆ. ಎಲೆ ಎಂಬುದು ಹೆಸರಿಗೆ ಮಾತ್ರ. ಚಿಕ್ಕದಾಗಿ ಮೂಡಿ ಉದುರಿಹೋಗುತ್ತದೆ. ಮುಳ್ಳಿಲ್ಲ. ಮಳೆಗಾಲದ ಕೊನೆಗೆ ತುದಿಯ ಕಡೆ ನೇರಳೆ ಛಾಯೆಯ ಸಣ್ಣ ಹೂ ಬಿಡುತ್ತದೆ. ಕಾಯಿ ಜೋಡಿಜೋಡಿಯಾಗಿ, ನೆಟ್ಟಗೆ, ಕೊಂಬಿನ ಹಾಗೆ ಬರುತ್ತದೆ. ಒಡೆದರೆ ಒಳಗೆ ಎಕ್ಕದ ಬೀಜದಂತೆ ರೇಷ್ಮೆ ಕೂದಲು ಕಟ್ಟಿದ ಬೀಜ. ಆಶ್ಚರ್ಯವೇನಿಲ್ಲ, ಎಕ್ಕವೂ ಇದೂ ಒಂದೇ ಕುಟುಂಬ.

ಇದರಂತೆಯೇ ಕಾಣುವ ಬೇರೆ ಗಿಡಗಳೂ ಉಂಟು. ಮಂಗರವಳ್ಳಿಯ ಕಾಂಡಕ್ಕೂ ನಾಲ್ಕು ಮೂಲೆ. ಆದರೆ ಅದು ಬಳ್ಳಿ. ಗೆಣ್ಣುಗೆಣ್ಣಾಗಿರುತ್ತದೆ, ಹಂಬಿನ ಕುಡಿ ಇರುತ್ತದೆ, ಮರ ಹತ್ತುತ್ತದೆ. ಚದುರಕಳ್ಳಿ ಮೊದಲಾದ ಕಳ್ಳಿಗಳ ವಿಷಯ ಬೇರೆ. ಅವುಗಳಿಗೆ ಮುಳ್ಳಿರುತ್ತದೆ. ಎಳೆಯದಾಗಿದ್ದಾಗ ಅನುಮಾನ ಬಂದರೆ ತುದಿಯನ್ನು ಸ್ವಲ್ಪ ಮುರಿದು ನೋಡಿ. ಬಿಳಿ ಹಾಲು ಸುರಿದರೆ ಅದು ಕಳ್ಳಿ. ಆ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ, ಬಾಯಿಗಂತೂ ಕೂಡದು. ಕುಂದೇಟಿ ಕೊಮ್ಮನ್ನು ಮುರಿದರೆ ತಿಳಿಯಾದ ನೀರಿನಂಥ ರಸ ಬರುತ್ತದೆ, ಹಾಲು ಬರುವುದಿಲ್ಲ. ಮುರಿದು ನೋಡಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ. ಈ ಪರೀಕ್ಷೆ ಕಳ್ಳಿಯನ್ನು ಬೇರೆ ಮಾಡುವುದಕ್ಕೆ ಮಾತ್ರ. ಹಾಲಿಲ್ಲದ್ದೆಲ್ಲ ತಿನ್ನುವ ಗಿಡ ಎಂದು ತಿಳಿಯಬಾರದು.

ಇದೇ ಬಳಗದಲ್ಲಿ ದಪ್ಪ ಕಾಂಡದ ಇನ್ನೊಂದು ಗಿಡವಿದೆ. ಅದರ ಹೂಗಳು ತುದಿಯಲ್ಲಿ ಚೆಂಡಿನಂತೆ ಗುಂಪಾಗಿ ಬಿಡುತ್ತವೆ, ಕೊಳೆತ ಮಾಂಸದ ವಾಸನೆ ಹೊಡೆಯುತ್ತವೆ. ಅದರ ಶಾಸ್ತ್ರೀಯ ಹೆಸರು ಉಂಬೆಲ್ಲಾಟ. ಪೇಟೆಯವರು ಕೇಳುವುದು ಮುಖ್ಯವಾಗಿ ಸಣ್ಣ ಕಾಂಡದ ಫಿಂಬ್ರಿಯಾಟ ಎಂಬ ಬಗೆಯನ್ನು. ಎರಡನ್ನೂ ಕಲಸಿ ನೆಟ್ಟರೆ ಮಾಲು ತಿರಸ್ಕಾರವಾಗುತ್ತದೆ. ಆದ್ದರಿಂದ ಒಮ್ಮೆ ಹೂ ನೋಡಿ, ತಿಳಿದವರಿಗೆ ತೋರಿಸಿ, ಖಚಿತ ಮಾಡಿಕೊಂಡ ಮೇಲೆಯೇ ತುಂಡು ತೆಗೆಯತಕ್ಕದ್ದು.

ಇದಕ್ಕೆ ಬೆಲೆ ಬಂದದ್ದು ಹೇಗೆ

ರಾಯಲಸೀಮೆಯ ಒಣ ಪ್ರದೇಶದಲ್ಲಿಯೂ ದಕ್ಷಿಣದ ಇತರ ಬರಡು ಸೀಮೆಗಳಲ್ಲಿಯೂ ಜನ ಇದನ್ನು ಹಿಂದಿನಿಂದ ತಿನ್ನುತ್ತ ಬಂದಿದ್ದಾರೆ. ಕುರಿ ಕಾಯುವವರು ಹಸಿಯಾಗಿಯೇ ಉಪ್ಪು ಹಚ್ಚಿಕೊಂಡು ಅಗಿಯುತ್ತಾರೆ. ಹುಣಿಸೆಹಣ್ಣು ಮೆಣಸಿನಕಾಯಿ ಹಾಕಿ ಚಟ್ನಿ ಅರೆಯುವುದುಂಟು, ಉಪ್ಪಿನಕಾಯಿ ಹಾಕುವುದುಂಟು. ರುಚಿ ಕಹಿ ಮಿಶ್ರಿತ. ಇದನ್ನು ಅಗಿದರೆ ಹಸಿವು ಬಾಯಾರಿಕೆ ತಡೆಯುತ್ತದೆ ಎಂಬ ನಂಬಿಕೆ ಹಳೆಯದು.

ಈ ನಂಬಿಕೆಯನ್ನು ಪರೀಕ್ಷಿಸಿದವರೂ ನಮ್ಮ ಹತ್ತಿರದವರೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯವರು ತೂಕ ಹೆಚ್ಚಿದ ೫೦ ಮಂದಿ ಹೆಂಗಸರು ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದು ಗ್ರಾಂ ಈ ಗಿಡದ ಸಾರವನ್ನೂ, ಇನ್ನೊಂದಕ್ಕೆ ಅದರಂತೆ ಕಾಣುವ ಬರೀ ಪುಡಿಯನ್ನೂ ೬೦ ದಿನ ಕೊಟ್ಟರು. ಫಲಿತಾಂಶ ೨೦೦೭ರಲ್ಲಿ ಪ್ರಕಟವಾಯಿತು. ಸಾರ ತೆಗೆದುಕೊಂಡವರಿಗೆ ಹಸಿವು ಕಡಮೆಯಾಗಿತ್ತು, ಸೊಂಟದ ಸುತ್ತಳತೆ ಇಳಿದಿತ್ತು. ಆದರೆ ದೇಹದ ತೂಕದಲ್ಲಿ ಎರಡು ಗುಂಪಿಗೂ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಂಡುಬರಲಿಲ್ಲ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ೫೦ ಮಂದಿಯ ಮೇಲೆ ಎರಡು ತಿಂಗಳು ನಡೆದ ಪ್ರಯೋಗ ಒಂದು ಸುಳಿವು, ಅಷ್ಟೆ. ಆದರೂ ದೇಶವಿದೇಶಗಳಲ್ಲಿ ಬೊಜ್ಜು ಕರಗಿಸುವ ಮಾತ್ರೆ ಎಂದು ಇದರ ಸಾರ ಮಾರಾಟವಾಯಿತು. ನಮ್ಮ ತಾತ ಮುತ್ತಾತಂದಿರು ಹೊಟ್ಟೆಗಿಲ್ಲದಾಗ ಹಸಿವು ತಡೆಯುವುದಕ್ಕೆ ತಿಂದದ್ದನ್ನು, ಹೊಟ್ಟೆ ತುಂಬಿದವರು ಹಸಿವು ತಗ್ಗಿಸಿಕೊಳ್ಳುವುದಕ್ಕೆ ಕೊಳ್ಳುತ್ತಾರೆ! ಲೋಕದ ರೀತಿ ಹೀಗುಂಟು. ಇನ್ನೊಂದು ಮಾತು: ಸಕ್ಕರೆ ಕಾಯಿಲೆಗೋ ಬೇರೆ ಯಾವುದಕ್ಕೋ ವೈದ್ಯರು ಕೊಟ್ಟ ಔಷಧ ಬಿಟ್ಟು ಇದನ್ನು ನಂಬಿ ಕೂರಬಾರದು.

ಬೆಟ್ಟದಲ್ಲಿ ಕಡಮೆಯಾದದ್ದೇಕೆ

ಮಾತ್ರೆಗೆ ಬೇಕಾದ ಕಾಂಡ ಬಂದದ್ದು ಬಹುಮಟ್ಟಿಗೆ ಕಾಡುಗುಡ್ಡದಿಂದ. ಕೀಳುವವರಿಗೆ ತೂಕದ ಮೇಲೆ ಕೂಲಿ. ತೂಕ ಬೇಕಾದವನು ತುದಿ ಕೊಯ್ದು ಬುಡ ಉಳಿಸಿಯಾನೇ? ಬೇರು ಸಮೇತ ಕಿತ್ತು ಚೀಲಕ್ಕೆ ತುಂಬುತ್ತಾನೆ. ಗಿಡ ಬೆಳೆಯುವುದು ನಿಧಾನ. ಹೂವಿಗೆ ಬರುವುದು ನೊಣ. ಎಕ್ಕದ ಹೂವಿನಲ್ಲಿರುವಂತೆಯೇ ಇದರ ಪರಾಗವೂ ಪುಡಿಯಾಗಿ ಉದುರದೆ ಗಂಟಾಗಿರುತ್ತದೆ. ನೊಣದ ಕಾಲಿಗೋ ಮೂತಿಗೋ ಆ ಗಂಟು ಸಿಕ್ಕಿಕೊಂಡು, ಮತ್ತೊಂದು ಹೂವಿನ ಸಣ್ಣ ಸೀಳಿನಲ್ಲಿ ಸರಿಯಾಗಿ ಕೂತರೆ ಮಾತ್ರ ಕಾಯಿ. ಗಿಡ ವಿರಳವಾದಷ್ಟೂ ಈ ಕೆಲಸ ಕಷ್ಟ. ಜೊತೆಗೆ ಕಲ್ಲುಗಣಿಗಾಗಿ ಬಂಡೆ ಒಡೆಯುವುದು, ಪೊದೆ ಸವರುವುದು, ಬೆಂಕಿ ಬೀಳುವುದು. ಮುಳ್ಳುಪೊದೆ ಹೋಯಿತೆಂದರೆ ಅದರ ಬುಡದಲ್ಲಿ ಅಡಗಿದ್ದ ಗಿಡ ಬಿಸಿಲಿಗೂ ಮೇಕೆಯ ಬಾಯಿಗೂ ಸಿಕ್ಕಿತು ಎಂದೇ ಅರ್ಥ.

ಆದ್ದರಿಂದ ಬೆಳೆಸುವ ಕೆಲಸ ಬೇಕಾದದ್ದೇ. ಆದರೆ ಹೊಲಕ್ಕೆ ಬೇಕೆಂದು ಗುಡ್ಡವನ್ನು ಬರಿದು ಮಾಡಿದರೆ ಬಂದ ಭಾಗ್ಯವೇನು? ತುಂಡು ತೆಗೆಯುವಾಗ ಒಂದು ಗಿಡದಿಂದ ಒಂದೇ ಕಾಂಡ, ಅದೂ ಚೂಪಾದ ಚಾಕುವಿನಿಂದ ಕೊಯ್ದು ತೆಗೆಯಿರಿ. ಬುಡ ಅಲುಗಬಾರದು. ಅರಣ್ಯ ಇಲಾಖೆಯ ನೆಲವಾದರೆ ಅನುಮತಿಯಿಲ್ಲದೆ ಕೈ ಹಾಕಕೂಡದು. ನಿಮ್ಮದೇ ಹೊಲದ ಬದುವಿನಲ್ಲೋ, ನೆಂಟರ ಹೊಲದ ಬಂಡೆಯ ಬಳಿಯೋ ಹತ್ತು ಗಿಡವಿದ್ದರೆ ಅದೇ ಸಾಕು. ಹತ್ತು ತುಂಡು ನೆಟ್ಟು, ಅದರಿಂದ ಮುಂದಕ್ಕೆ ಹೆಚ್ಚಿಸಿಕೊಳ್ಳಬಹುದು.

ಗಿಡದ ಸ್ವಭಾವ

ಹಿಂದೆ ಗಣಿಯಲ್ಲಿ ರಾತ್ರಿ ಪಾಳಿ ಇತ್ತಷ್ಟೆ. ಈ ಗಿಡದ್ದೂ ರಾತ್ರಿ ಪಾಳಿಯೇ. ರಾಗಿ, ಅವರೆ, ಟೊಮೇಟೊ ಇವೆಲ್ಲ ಹಗಲಿನಲ್ಲಿ ಉಸಿರುಗಂಡಿಗಳನ್ನು ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಹಾಗೆ ತೆರೆದಾಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಕುಂದೇಟಿ ಕೊಮ್ಮಿನಂಥ ರಸಭರಿತ ಗಿಡಗಳು ಹಗಲು ಬಾಗಿಲು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಗಾಳಿಯ ಅಂಶವನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲು ಬಿಸಿಲು ಬಂದಾಗ ಅಡಿಗೆ ಮಾಡಿಕೊಳ್ಳುತ್ತವೆ. ನೀರಿನ ಖರ್ಚು ಬಹಳ ಕಡಮೆ. ಆದರೆ ಗಳಿಕೆಯೂ ಕಡಮೆ, ಅದಕ್ಕೇ ಬೆಳವಣಿಗೆ ನಿಧಾನ. ಹೆಚ್ಚು ಗೊಬ್ಬರ ಹಾಕಿ ಓಡಿಸುತ್ತೇನೆ ಎಂದು ಹೊರಟರೆ ಕಾಂಡ ನೀರು ತುಂಬಿಕೊಂಡು ಮೆತ್ತಗಾಗಿ ಕೊಳೆಯುತ್ತದೆ.

ಬೋರು ಕೊರೆಸಿ ಸಾವಿರ ಅಡಿ ದಾಟಿದರೂ ನೀರು ಕಾಣದ ಸಂಕಟ ಪಟ್ಟ ಜಿಲ್ಲೆ ನಮ್ಮದು. ವರ್ಷದ ಮಳೆ ಮೂವತ್ತು ಅಂಗುಲದೊಳಗೆ. ಇಂಥ ಕಡೆ ನೀರು ಕೇಳದ ಬೆಳೆ ಎಂದರೆ ಯಾರ ಮನಸ್ಸೂ ಅರಳುತ್ತದೆ. ಆದರೆ ಈ ಮಳೆಯಲ್ಲಿ ಹೆಚ್ಚು ಪಾಲು ಸೆಪ್ಟೆಂಬರು ಅಕ್ಟೋಬರಿನಲ್ಲಿ ಒಟ್ಟಿಗೆ ಸುರಿಯುತ್ತದೆ ಎಂಬುದನ್ನು ಮರೆಯಬಾರದು. ಇದಕ್ಕೆ ಬೇಸಿಗೆಗಿಂತ ಹಸ್ತ ಚಿತ್ತೆ ಮಳೆಯೇ ಹೆಚ್ಚು ಅಪಾಯ.

ನೆಲ ಸಿದ್ಧಮಾಡುವುದು

ಕಪ್ಪು ಮಣ್ಣು ಬೇಡ. ಕೆರೆಗೋಡು ಬೇಡ. ಗದ್ದೆಬಯಲು ಬೇಡವೇ ಬೇಡ. ಗರಸು ಬೆರೆತ ಕೆಂಪು ನೆಲ, ಸ್ವಲ್ಪ ಇಳಿಜಾರು, ಅಲ್ಲಲ್ಲಿ ಕಲ್ಲು, ಇಂಥ ಕಡೆ ಒಳ್ಳೆಯದು. ಬೇರೆ ಬೆಳೆಗೆ ಬಾರದೆಂದು ಬಿಟ್ಟ ಮೂಲೆಯೇ ಇದಕ್ಕೆ ಹೊಂದುತ್ತದೆ.

ಒಂದು ಅಡಿ ಎತ್ತರಕ್ಕೆ ಮಡಿ ಏರಿಸಿ. ತಳದಲ್ಲಿ ದಪ್ಪ ಜಲ್ಲಿ ಅಥವಾ ಒಡೆದ ಹೆಂಚಿನ ಚೂರು ನಾಲ್ಕು ಅಂಗುಲ. ಮೇಲೆ ಎರಡು ಪಾಲು ಗರಸು ಅಥವಾ ದಪ್ಪ ಮರಳು, ಒಂದು ಪಾಲು ಕೆಂಪು ಮಣ್ಣು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮಕ್ಕರಿಗೆ ಒಂದು ಬೊಗಸೆಯಂತೆ, ಅಷ್ಟೇ. ಹಸಿ ಗೊಬ್ಬರ, ಯೂರಿಯಾ ಹತ್ತಿರ ಸುಳಿಯಬಾರದು. ಮಡಿ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಸುಲಭ. ಒಂದು ಕೊಡ ನೀರನ್ನು ಒಂದೇ ಕಡೆ ಸುರಿಯಿರಿ. ನೋಡನೋಡುತ್ತಿದ್ದಂತೆ ಇಂಗಿದರೆ ಮಡಿ ಸರಿ. ನಿಂತು ಕನ್ನಡಿಯಾದರೆ ಇನ್ನೂ ಗರಸು ಬೆರೆಸಬೇಕು.

ನೆರಳಿನ ವಿಷಯ. ಬೆಟ್ಟದಲ್ಲಿ ಇದು ಪೊದೆಯ ಅಂಚಿನಲ್ಲಿ ಬೆಳೆಯುತ್ತದೆ. ಬೆಳಗಿನ ಬಿಸಿಲು ತಿನ್ನುತ್ತದೆ, ನಡುಹಗಲಿನಲ್ಲಿ ಪೊದೆಯ ಚುಕ್ಕಿನೆರಳು ಸಿಗುತ್ತದೆ. ಅದನ್ನೇ ಹೊಲದಲ್ಲಿಯೂ ಅನುಕರಿಸಿ. ಮಡಿಯ ಪಶ್ಚಿಮಕ್ಕೆ ತಂಗಡಿ ಅಥವಾ ಬಂದರಿಕೆಯ ಸಾಲು ಇರಲಿ. ಮೇಕೆ ತಂಗಡಿಯನ್ನೂ ಬಂದರಿಕೆಯನ್ನೂ ಅಷ್ಟಾಗಿ ಮುಟ್ಟುವುದಿಲ್ಲ, ಅದೊಂದು ಲಾಭ. ಮಾವಿನ ತೋಪಿನಲ್ಲಿ ನೆಡಬಹುದಲ್ಲಾ ಎಂದು ಕೆಲವರು ಕೇಳಬಹುದು. ಬೇಡಿ. ಅಲ್ಲಿ ನೆರಳು ದಟ್ಟ, ಎಲೆಯಿಂದ ನೀರು ತೊಟ್ಟಿಕ್ಕುತ್ತದೆ, ಮಾವಿಗೆ ಹೊಡೆಯುವ ಔಷಧವೆಲ್ಲ ಇದರ ಮೇಲೆ ಬೀಳುತ್ತದೆ.

ನೆಡುವುದು

ನೆಡುವುದಕ್ಕೆ ರೋಹಿಣಿ, ಮೃಗಶಿರ ಮಳೆಯ ಕಾಲ ಉತ್ತಮ. ಎಂದರೆ ಮೇ ತಿಂಗಳ ಕೊನೆಯಿಂದ ಜೂನ್ ನಡುವಿನವರೆಗೆ. ಆಗ ನೆಲ ಬೆಚ್ಚಗಿರುತ್ತದೆ, ಮಳೆ ಸಣ್ಣದಾಗಿರುತ್ತದೆ. ಹಸ್ತ ಚಿತ್ತೆಯ ಜಡಿಮಳೆ ಬರುವ ಹೊತ್ತಿಗೆ ಬೇರು ಹಿಡಿದಿರುತ್ತದೆ.

ಬಲಿತ ಕಾಂಡದಿಂದ ಒಂದು ಗೇಣಿನ ತುಂಡು ಕೊಯ್ದುಕೊಳ್ಳಿ. ಮುಂದಿನದು ಬಹಳ ಜನ ತಪ್ಪುವ ಹೆಜ್ಜೆ. ಕೊಯ್ದ ತುಂಡನ್ನು ಕೂಡಲೇ ನೆಡಬೇಡಿ. ಗಾಳಿಯಾಡುವ ನೆರಳಿನಲ್ಲಿ ಗೋಣಿತಾಟಿನ ಮೇಲೆ ಹರಡಿ ಒಂದು ವಾರ ಬಿಡಿ. ಕೊಯ್ದ ಬಾಯಿ ಒಣಗಿ, ಗಾಯದ ಮೇಲೆ ಹಕ್ಕಳೆ ಕಟ್ಟುವಂತೆ ಗಟ್ಟಿಯಾಗಬೇಕು. ವೀಳ್ಯದೆಲೆ ಬಳ್ಳಿ ನೆಟ್ಟು ರೂಢಿಯಿದ್ದವರಿಗೆ ಇದು ವಿಚಿತ್ರವೆನಿಸೀತು. ತುಂಡು ಬಾಡಿ ಹೋಗುತ್ತದಲ್ಲಾ ಎಂದು ಕೈ ಚಡಪಡಿಸೀತು. ಬಾಡಲಿ, ಚಿಂತೆಯಿಲ್ಲ. ಹಸಿ ಬಾಯಿ ಹಸಿ ಮಣ್ಣಿಗೆ ತಾಗಿದರೆ ಹತ್ತು ದಿನದಲ್ಲಿ ಬುಡ ಕಪ್ಪಾಗಿ ಗಿಡ ಮಲಗುತ್ತದೆ.

ಒಣಗಿದ ತುಂಡನ್ನು ಎರಡು ಅಂಗುಲ ಆಳಕ್ಕೆ, ಅಡಿಗೊಂದರಂತೆ ಊರಿ. ಬಾಗದಂತೆ ಬುಡಕ್ಕೆ ಎರಡು ಕಲ್ಲು ಒತ್ತಿಡಿ. ನೆಟ್ಟ ದಿನ ನೀರು ಹಾಕಬೇಡಿ. ವಾರ ಕಳೆದ ಮೇಲೆ, ಮಳೆ ಬಾರದೆ ಇದ್ದರೆ, ಚೆಂಬಿನಿಂದ ಬುಡಕ್ಕೆ ಸ್ವಲ್ಪ. ಮುಂದೆ ಬೆರಳನ್ನು ಮಣ್ಣಿಗೆ ಗೆಣ್ಣಿನವರೆಗೆ ಚುಚ್ಚಿ ನೋಡಿ. ಒಳಗೂ ಒಣಗಿದ್ದರೆ ನೀರು, ತೇವವಿದ್ದರೆ ಬೇಡ. ಹೊಸ ಚಿಗುರು ಕಾಣಿಸಿದರೆ ಬೇರು ಹಿಡಿದ ಹಾಗೆ. ನಿಂತಿದೆಯೋ ಇಲ್ಲವೋ ನೋಡೋಣವೆಂದು ದಿನಾ ಎಳೆದು ನೋಡುವ ಹುಡುಗಾಟ ಬೇಡ.

ಬೀಜದಿಂದಲೂ ಸಸಿ ಮಾಡಬಹುದು. ಕಾಯಿ ಒಡೆಯುವ ಮೊದಲು ತೆಳು ಬಟ್ಟೆ ಕಟ್ಟದಿದ್ದರೆ ಬೀಜ ಗಾಳಿಯಲ್ಲಿ ಹಾರಿಹೋಗುತ್ತದೆ. ಹೊಸ ಬೀಜವನ್ನೇ ಬಿತ್ತಬೇಕು, ಹಳೆಯದಾದರೆ ಮೊಳಕೆ ತಗ್ಗುತ್ತದೆ. ಬೀಜದ ಸಸಿ ತುಂಡಿನ ಗಿಡಕ್ಕಿಂತ ಬಹಳ ನಿಧಾನ, ಎಳೆಯದಾಗಿದ್ದಾಗ ಬುಡಕೊಳೆ ಹೆಚ್ಚು. ಆದರೂ ಸ್ವಲ್ಪವಾದರೂ ಬೀಜದ ಸಸಿ ಮಾಡಿ ಎಂದು ನಮ್ಮ ಸಲಹೆ. ಏಕೆಂದರೆ ಒಂದೇ ತಾಯಿಗಿಡದ ತುಂಡುಗಳೆಲ್ಲ ಒಂದೇ ಗುಣದವು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂದೀತು.

ರೋಗ ಮತ್ತು ಶತ್ರುಗಳು

ದೊಡ್ಡ ಶತ್ರು ಕೊಳೆರೋಗ. ಬುಡ ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಮೆತ್ತಗಾಗುತ್ತದೆ. ಮೇಲಿನ ಭಾಗ ಇನ್ನೂ ಹಸಿರಾಗಿಯೇ ಇರುವುದರಿಂದ ನಾವು ಮೋಸಹೋಗುತ್ತೇವೆ. ಆಮೇಲೆ ಒಂದು ದಿನ ಗಿಡ ಪಕ್ಕಕ್ಕೆ ಬಿದ್ದಿರುತ್ತದೆ. ಮೆತ್ತಗಾದದ್ದು ಕಂಡ ಕೂಡಲೇ ಕಿತ್ತು, ಮೇಲಿನಿಂದ ಕೊಯ್ಯುತ್ತ ಬನ್ನಿ. ಒಳತಿರುಳು ಕಲೆಯಿಲ್ಲದೆ ಹಸಿರಾಗಿರುವ ಕಡೆವರೆಗಿನ ಭಾಗವನ್ನು ಉಳಿಸಿಕೊಂಡು ಒಣಗಿಸಿ ಬೇರೆ ಮಡಿಯಲ್ಲಿ ನೆಡಿ. ಕೊಳೆತದ್ದನ್ನು ಸುಟ್ಟುಹಾಕಿ. ಪ್ರತಿ ಸಾರಿಯೂ ಚಾಕುವನ್ನು ಬೆಂಕಿಗೆ ಹಿಡಿದು ಶುದ್ಧ ಮಾಡಿಕೊಳ್ಳಿ. ಜಡಿಮಳೆಯ ವಾರಗಳಲ್ಲಿ ಮಡಿಯ ಮೇಲೆ ಎತ್ತರದಲ್ಲಿ ಪ್ಲಾಸ್ಟಿಕ್ ಹಾಳೆಯ ಚಪ್ಪರ ಹಾಕಿದರೆ ಅರ್ಧ ಚಿಂತೆ ಕಳೆಯಿತು. ಆದರೆ ನಾಲ್ಕೂ ಕಡೆ ಗಾಳಿಯಾಡಬೇಕು.

ಎರಡನೆಯದು ಬಿಳಿ ಹಿಟ್ಟು ತಿಗಣೆ. ಕಾಂಡದ ಸಂದಿನಲ್ಲಿ ಹತ್ತಿಯ ಚೂರಿನಂತೆ ಅಂಟಿಕೊಂಡು ರಸ ಹೀರುತ್ತದೆ. ಬೇರಿಗೂ ಹತ್ತುತ್ತದೆ. ಇರುವೆಗಳು ಸಾಲುಗಟ್ಟಿ ಓಡಾಡುತ್ತಿದ್ದರೆ ತಿಗಣೆ ಇದೆ ಎಂದು ಅನುಮಾನಿಸಿ. ಕೆಲವೇ ಗಿಡವಾದರೆ ಒದ್ದೆ ಬಟ್ಟೆಯಿಂದ ಒರೆಸಿ. ಹೆಚ್ಚಾದರೆ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕಲಸಿ ಸಂಜೆಯ ಹೊತ್ತು ಸಿಂಪಡಿಸಿ. ಬಲವಾದ ವಿಷದ ಔಷಧಗಳನ್ನು ಬಳಸಕೂಡದು. ಈ ಕಾಂಡ ಇನ್ನೊಬ್ಬರ ಹೊಟ್ಟೆಗೆ ಹೋಗತಕ್ಕದ್ದು.

ಸೈನೈಡ್ ದಿಬ್ಬದ ಮಾತು

ಈಗ ಮೊದಲು ಹೇಳಿದ ಆ ಎರಡನೆಯ ದಿಬ್ಬಕ್ಕೆ ಬರೋಣ. ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿಯವರ ಕಾಲ ೧೮೮೦ರಲ್ಲಿ ಆರಂಭವಾಯಿತು. ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದವು. ಒಂದು ಶತಮಾನಕ್ಕೂ ಮಿಕ್ಕಿ ಅರೆದ ಕಲ್ಲಿನ ಪುಡಿ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಸುತ್ತ ಗುಡ್ಡಗುಡ್ಡವಾಗಿ ಉಳಿದಿದೆ. ಚಿನ್ನವನ್ನು ಕರಗಿಸಿ ತೆಗೆಯಲು ಸೈನೈಡ್ ಬಳಸುತ್ತಿದ್ದರಾದ್ದರಿಂದ ಆ ಹೆಸರು ಬಂತು. ಬಿರುಗಾಳಿಗೆ ಆ ಪುಡಿ ಏಳುತ್ತದೆ, ಮಳೆಗೆ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಅಲ್ಲಿಯ ಮನೆಯವರಿಗೆ ಇದು ಹೊಸ ಸುದ್ದಿಯಲ್ಲ.

ದಿಬ್ಬದ ಅಂಚಿನ ನೆಲ ಬರಡು. ಕುಂದೇಟಿ ಕೊಮ್ಮೋ ಬರಡಿನ ಗಿಡ. ಎರಡನ್ನೂ ಜೋಡಿಸಿದರೆ ದಂಡವಾಗಿ ಬಿದ್ದ ಜಾಗಕ್ಕೂ ಉಪಯೋಗ, ನಮಗೂ ಆದಾಯ ಅಲ್ವೆ? ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಖಂಡಿತ ಕೂಡದು. ಗಿಡ ನೀರಿನೊಂದಿಗೆ ಮಣ್ಣಿನಲ್ಲಿರುವ ಲೋಹದ ಅಂಶಗಳನ್ನೂ ಎಳೆದುಕೊಳ್ಳಬಲ್ಲದು. ಇದು ನಿಧಾನವಾಗಿ ಬೆಳೆಯುವ, ವರ್ಷಗಟ್ಟಲೆ ಒಂದೇ ಕಡೆ ನಿಲ್ಲುವ ಗಿಡ. ಮೇಲೆ ಕೂತ ಧೂಳು ಬೇರೆ. ಅದನ್ನು ಒಣಗಿಸಿ ಪುಡಿ ಮಾಡಿ ಸಾರ ಇಳಿಸಿದಾಗ ಒಳಗಿದ್ದದ್ದೂ ದಟ್ಟವಾಗುವ ಸಂಭವವುಂಟು. ಔಷಧದ ಮೂಲಿಕೆಗೆ ನಮ್ಮ ದೇಶದಲ್ಲಿ ಮಿತಿ ಇದೆ: ಹತ್ತು ಲಕ್ಷ ಭಾಗಕ್ಕೆ ಸೀಸ ೧೦, ಪಾಷಾಣ ೩, ಪಾದರಸ ೧, ಕ್ಯಾಡ್ಮಿಯಂ ಒಂದು ಭಾಗದ ಹತ್ತನೆಯ ಮೂರು ಪಾಲು. ಇದನ್ನು ಮೀರಿದರೆ ಮಾಲು ತಿರಸ್ಕಾರ. ಮಾಲು ಹೋದರೆ ಹೋಗಲಿ ಎನ್ನಬಹುದು. ಮದ್ದೆಂದು ನಂಬಿ ತಿಂದವನ ಗತಿಯೇನು?

ದಿಬ್ಬವನ್ನು ಹಸಿರು ಮಾಡುವುದು ಒಳ್ಳೆಯ ಕೆಲಸವೇ. ಧೂಳು ತಡೆಯುವ, ಯಾರೂ ತಿನ್ನದ ಗಿಡಮರಗಳನ್ನು ಅಲ್ಲಿ ಬೆಳೆಸಲಿ. ಮದ್ದಿನ ಗಿಡವನ್ನೂ ಸೊಪ್ಪುಸದೆಯನ್ನೂ ಅಲ್ಲಿ ಬೆಳೆಯಬಾರದು. ದಿಬ್ಬದ ಗಾಳಿ ಬೀಸುವ ದಿಕ್ಕಿನಲ್ಲಿ, ಅದರ ನೀರು ಹರಿದುಬರುವ ಕಡೆ ನಿಮ್ಮ ಹೊಲವಿದ್ದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷು ಇವನ್ನು ನೋಡುತ್ತಾರೆ. ಭಾರಲೋಹದ ಪರೀಕ್ಷೆ ಬೇರೆ, ಅದನ್ನು ಹೆಸರು ಹೇಳಿ ಕೇಳಬೇಕು. ಯಾವ ಪ್ರಯೋಗಾಲಯದಲ್ಲಿ ಆಗುತ್ತದೆ ಎಂಬುದನ್ನು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಕೊಯ್ಲು

ಮೊದಲ ವರ್ಷ ಕೊಯ್ಲಿನ ಆಸೆ ಇಟ್ಟುಕೊಳ್ಳಬೇಡಿ. ಎರಡನೆಯ ವರ್ಷ ಬುಡದಿಂದ ಹಲವು ಕಾಂಡ ಒಡೆದು ಗುಂಪಾದ ಮೇಲೆ, ಬಲಿತವನ್ನು ನೋಡಿ ಕೊಯ್ಯಿರಿ. ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಬೇಕು. ನೆಲದಿಂದ ಎರಡು ಮೂರು ಅಂಗುಲ ಬಿಟ್ಟು ಕೊಯ್ದರೆ ಅಲ್ಲಿಂದ ಮತ್ತೆ ಕವಲೊಡೆಯುತ್ತದೆ. ಮಳೆ ನಿಂತು ಕಾಂಡ ಒಣಹವೆಗೆ ಬಿಗಿಯಾದ ಕಾಲದಲ್ಲಿ ಕೊಯ್ಯುವುದು ಕ್ಷೇಮ. ಕೊಯ್ದ ಬಾಯಿ ಬೇಗ ಆರುತ್ತದೆ.

ಒಣಗಿಸುವಾಗ ಇಡೀ ಕಾಂಡವನ್ನೇ ಹರಡಿದರೆ ತಿಂಗಳಾದರೂ ಒಣಗದು, ಬೂಷ್ಟು ಹಿಡಿಯುತ್ತದೆ. ನೀರು ಬಿಡದಿರುವುದೇ ಅದರ ಸಿಪ್ಪೆಯ ಕೆಲಸವಲ್ಲವೆ! ಉದ್ದಕ್ಕೆ ಸೀಳಿ, ತುಂಡರಿಸಿ, ನೆರಳಿನಲ್ಲಿ ತಟ್ಟಿಯ ಮೇಲೆ ಒಣಗಿಸಿ. ಹತ್ತು ಕಿಲೋ ಹಸಿ ಕಾಂಡ ಒಣಗಿದರೆ ಹೆಚ್ಚು ಕಡಮೆ ಒಂದು ಕಿಲೋ ಉಳಿದೀತು. ಮಾರುವವನು ಹಸಿ ತೂಕದ ಬೆಲೆ ಹೇಳುತ್ತಾನೋ ಒಣ ತೂಕದ ಬೆಲೆಯೋ ಎಂಬುದನ್ನು ಮೊದಲೇ ಬಿಡಿಸಿ ಕೇಳಿಕೊಳ್ಳಿ.

ಮಾರಾಟದಲ್ಲಿ ಎಚ್ಚರ

ಆಫ್ರಿಕದ ಕಲಹರಿ ಮರುಭೂಮಿಯಲ್ಲಿ ಹೂಡಿಯಾ ಎಂಬ ಗಿಡವಿದೆ. ನಮ್ಮ ಕುಂದೇಟಿ ಕೊಮ್ಮಿಗೆ ಹತ್ತಿರದ ನೆಂಟ. ಅಲ್ಲಿನ ಸಾನ್ ಜನರು ಬೇಟೆಗೆ ಹೋದಾಗ ಹಸಿವು ತಡೆಯಲು ಅದನ್ನು ಅಗಿಯುತ್ತಿದ್ದರು. ದಕ್ಷಿಣ ಆಫ್ರಿಕದ ಸರ್ಕಾರಿ ಸಂಶೋಧನಾ ಮಂಡಲಿಯವರು ತೊಂಬತ್ತರ ದಶಕದಲ್ಲಿ ಅದರ ಸಾರದ ಮೇಲೆ ಹಕ್ಕು ಪಡೆದರು. ಮೊದಲು ಫೈಜರ್ ಕಂಪನಿ ಕೈ ಹಾಕಿ ೨೦೦೩ರಲ್ಲಿ ಬಿಟ್ಟಿತು. ೨೦೦೪ರಲ್ಲಿ ಯೂನಿಲಿವರ್ ಕಂಪನಿ ಹಿಡಿಯಿತು. ಲೋಕವೆಲ್ಲ ಹೂಡಿಯಾ ಹೂಡಿಯಾ ಎಂದಿತು. ಕಾಡಿನ ಗಿಡ ಲೂಟಿಯಾಗುವ ಭಯದಿಂದ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಬಂತು. ರೈತರು ಹೊಲಗಳಲ್ಲಿ ನೆಟ್ಟರು. ೨೦೦೮ರಲ್ಲಿ ಯೂನಿಲಿವರಿನವರು, ಸುರಕ್ಷತೆಯೂ ಗುಣವೂ ತಮಗೆ ಬೇಕಾದ ಮಟ್ಟಕ್ಕಿಲ್ಲವೆಂದು ಕೈಬಿಟ್ಟರು. ನೆಟ್ಟವರ ಹೊಲದಲ್ಲಿ ಗಿಡ ಉಳಿಯಿತು, ಕೊಳ್ಳುವವರ ಸಾಲು ಕರಗಿತು.

ಈ ಕತೆ ಹೇಳಿದ್ದು ನಿಮ್ಮನ್ನು ಹೆದರಿಸಲಿಕ್ಕಲ್ಲ. ಟೊಮೇಟೊ ಬೆಲೆ ಬಿದ್ದಾಗ ರಸ್ತೆಗೆ ಸುರಿದ ನೋವು ಕೋಲಾರದವರಿಗೆ ಗೊತ್ತು. ಟೊಮೇಟೊವಾದರೆ ಮಾರುಕಟ್ಟೆಗೆ ಒಯ್ದರೆ ಒಂದು ಬೆಲೆಯಾದರೂ ಕೂಗುತ್ತಾರೆ. ಕುಂದೇಟಿ ಕೊಮ್ಮಿಗೆ ಅಂಥ ಹರಾಜು ಕಟ್ಟೆಯಿಲ್ಲ. ಸಾರ ಇಳಿಸುವ ಕಾರ್ಖಾನೆಯವರು ಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಎಷ್ಟು ಕೊಳ್ಳುತ್ತಾರೆ, ಯಾವ ಬೆಲೆಗೆ, ಎಷ್ಟು ವರ್ಷ ಎಂಬುದು ಕಾಗದದಲ್ಲಿ ಬರೆದು ಸಹಿಯಾಗುವವರೆಗೆ ಎಕರೆಗಟ್ಟಲೆ ನೆಡಬೇಡಿ. ಸಸಿ ಮಾರಲು ಬಂದವನೇ ಬೆಳೆಯನ್ನೂ ನಾನೇ ಕೊಳ್ಳುತ್ತೇನೆ ಎಂದರೆ ಇನ್ನೂ ಜೋಪಾನ. ಅವನ ಲಾಭ ಸಸಿಯಲ್ಲಿಯೇ ಮುಗಿದಿರಬಹುದು.

ಇನ್ನೊಂದು ಕೆಲಸ. ಎಲ್ಲಿಂದ ತುಂಡು ತಂದಿರಿ, ಯಾವ ದಿನ ಎಷ್ಟು ನೆಟ್ಟಿರಿ, ಎಷ್ಟು ಕೊಯ್ದಿರಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜೀವವೈವಿಧ್ಯ ಕಾಯಿದೆ ೨೦೦೨ರಲ್ಲಿ ಬಂತು. ೨೦೨೩ರ ತಿದ್ದುಪಡಿಯಲ್ಲಿ ಬೆಳೆಸಿದ ಔಷಧ ಗಿಡಗಳಿಗೆ ಕೆಲವು ವಿನಾಯಿತಿ ಕೊಟ್ಟಿದ್ದಾರೆ. ಆದರೆ ಕಾಡಿನಿಂದ ಕಿತ್ತದ್ದಲ್ಲ, ಹೊಲದಲ್ಲಿ ಬೆಳೆಸಿದ್ದು ಎಂಬುದಕ್ಕೆ ಆಧಾರ ಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯವರಿಗೆ ಮೊದಲೇ ತಿಳಿಸಿ ನೆಟ್ಟರೆ ಮುಂದೆ ತಕರಾರಿಲ್ಲ.

ಎಷ್ಟರಿಂದ ಆರಂಭಿಸಬೇಕು

ಒಂದು ಗುಂಟೆ ಸಾಕು. ಗುಂಟೆ ಎಂದರೆ ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲ. ಓಡಾಡುವ ದಾರಿಗೂ ಪೊದೆಯ ಸಾಲಿಗೂ ಅರ್ಧ ಬಿಟ್ಟರೂ ೫೦೦ ಗಿಡ ಹಿಡಿಯುತ್ತದೆ. ಅದೂ ಒಂದೇ ಸಾರಿಗೆ ಬೇಡ. ಹತ್ತು ಗಿಡದಿಂದ ಮೊದಲಿಡಿ. ಒಂದು ಹಸ್ತ ಚಿತ್ತೆ ಮಳೆ ದಾಟಲಿ. ಹತ್ತರಲ್ಲಿ ಎಂಟು ಬದುಕಿದರೆ ನಿ಄ಮ್ಮ ಮಡಿ ಸರಿಯಾಗಿದೆ. ಅದೇ ಗಿಡಗಳಿಂದ ತುಂಡು ತೆಗೆದು ಹೆಚ್ಚಿಸಿ. ನಾಲ್ಕೇ ಬದುಕಿದರೆ ಮಡಿಯ ತಪ್ಪು ತಿದ್ದಿಕೊಳ್ಳಿ. ಕಳೆದದ್ದು ಆರು ತುಂಡು ಮಾತ್ರ, ಸಾಲವಲ್ಲ. ಪೇಟೆ ಕೈಕೊಟ್ಟರೂ ಚಟ್ನಿಗಾಯಿತು, ಬೀಜಕ್ಕಾಯಿತು, ಗುಡ್ಡದಲ್ಲಿ ಗಿಡ ಬರಿದಾದ ಕಡೆ ಮತ್ತೆ ನೆಡುವುದಕ್ಕಾಯಿತು.

ಹೇಳಿದ್ದನ್ನು ಒಮ್ಮೆ ಮೆಲುಕು ಹಾಕೋಣ. ಮುರಿದು ನೋಡಿ, ಹಾಲು ಬಂದರೆ ಬಿಡಿ. ಕೊಯ್ದು ತನ್ನಿ, ಕೀಳಬೇಡಿ. ವಾರ ಒಣಗಿಸಿ ನೆಡಿ. ನೀರು ನಿಲ್ಲಗೊಡಬೇಡಿ. ಸೈನೈಡ್ ದಿಬ್ಬದಿಂದ ದೂರವಿರಿ. ಕೊಳ್ಳುವವರ ಕಾಗದ ಕೈಗೆ ಬರದೆ ಎಕರೆ ತುಂಬಬೇಡಿ.

ಮುಂದಿನ ಸಾರಿ ಹೊಲದ ಅಂಚಿನ ಬಂಡೆಯ ಕಡೆ ಹೋದಾಗ ಪೊದೆಯ ಬುಡವನ್ನು ಸ್ವಲ್ಪ ಬಗ್ಗಿ ನೋಡಿ. ನಾಲ್ಕು ಮೂಲೆಯ ಬೂದು ಕಾಂಡ ಕಂಡರೆ, ಆ ಪೊದೆಯನ್ನು ಸವರದೆ ಹಾಗೇ ಬಿಡಿ. ಈ ಬೇಸಾಯದ ಮೊದಲ ಕೆಲಸ ಅದೇ, ಅದಕ್ಕೆ ಖರ್ಚೇನೂ ಇಲ್ಲ.